ಇಲ್ಲೆ, ಇಲ್ಲೇ

ಇದನ್ನು ಬರೆಯಬೇಕು ಎಂದುಕೊಂಡು ಬಹಳ ವರ್ಷಗಳಾದವು. ಗೆಳೆಯ ಬದುಕಿರುವಾಗ ಬೇಡ ಎಂದುಕೊಂಡೆ. ಅವನು ಹೋದ ಮೇಲೆ, ಇನ್ನು ಯಾರಿಗೆ ಬೇಕು ಎಂದುಕೊಂಡೆ. ಎರಡೂ ನೆವಗಳೇ. ಹೋದ ಬೇಸಿಗೆಯಲ್ಲಿ ಅವನ ಮೊಮ್ಮಗಳ ಮದುವೆಗೆಂದು ಶಿರಸಿಗೆ ಹೋಗಿದ್ದೆ. ಊಟಕ್ಕೆ ಮೊದಲು ಅವನ ಮಗ ನನ್ನ ಕೈ ಹಿಡಿದುಕೊಂಡು ಹೋಗಿ ಬೀಗರ ಎದುರು ಕೂರಿಸಿ, "ಇವ್ರು ಅಪ್ಪಯ್ಯನ ದೋಸ್ತ. ಅಪ್ಪಯ್ಯನ ಮದುವೇಲಿ 'ಇಲ್ಲೆ' ಅಂದಿದ್ದಕ್ಕೆ 'ಇಲ್ಲೇ' ಹೇಳಿ ತಿಳ್ಕಂಡವ್ರು ಇವ್ರೇಯ" ಎಂದ. ಬೀಗರು ಪೂರ್ತಿ ಕತೆ ಕೇಳಿ ನಕ್ಕರು. ನಾನೂ ನಕ್ಕೆ. ಆ ಕತೆಗೆ ನಾನು ಅರವತ್ತು ವರ್ಷದಿಂದ ನಗುತ್ತ ಬಂದಿದ್ದೇನೆ. ಅದು ಸುಳ್ಳು ಎಂದು ಗೊತ್ತಿರುವವನು ಈಗ ಉಳಿದಿರುವುದು ನಾನೊಬ್ಬನೇ.

ನಮ್ಮದು ಶಿರಸಿಯಿಂದ ಮೂಡಲಿಗೆ, ಬನವಾಸಿ ಕಡೆ. ಲಿಂಗ ಕಟ್ಟಿಕೊಂಡ ಮನೆತನ. ಒಂದಿಷ್ಟು ಭತ್ತದ ಗದ್ದೆ, ಜೊತೆಗೆ ಹಗ್ಗ, ಗುದ್ದಲಿ, ಕುಡಗೋಲು ಮಾರುವ ಅಂಗಡಿ. ನಮ್ಮ ಜಿಲ್ಲೆ ಮುಂಬಯಿ ಸರಕಾರದ ಕೈಬಿಟ್ಟು ಮೈಸೂರಿಗೆ ಸೇರಿದ ವರ್ಷ ನಾನು ಶಿರಸಿಯ ಹೈಸ್ಕೂಲಿಗೆ ಸೇರಿದೆ. ಅಲ್ಲಿ ಸಿಕ್ಕವನು ಈ ಗೆಳೆಯ. ಸಿದ್ದಾಪುರದ ಕಡೆಯ ಹವ್ಯಕರ ಹುಡುಗ. ಒಂದು ಅಂಗಡಿಯ ಅಟ್ಟದ ಮೇಲಿನ ಕೋಣೆಯಲ್ಲಿ ಇಬ್ಬರೂ ಬಾಡಿಗೆಗಿದ್ದೆವು. ಅವನ ಒಲೆ ಒಂದು ಮೂಲೆಯಲ್ಲಿ, ನನ್ನದು ಇನ್ನೊಂದು ಮೂಲೆಯಲ್ಲಿ. ಎರಡು ಒಲೆ ಯಾವಾಗ ಒಂದಾಯಿತೋ ಹೇಳಲಾರೆ. ಮನೆಯಿಂದ ಯಾರಾದರೂ ಮೆಟ್ಟಿಲು ಹತ್ತಿ ಬರುವ ಸದ್ದಾದರೆ ಎರಡನೆಯ ಒಲೆಗೂ ಗಡಿಬಿಡಿಯಿಂದ ಬೆಂಕಿ ಹಾಕುತ್ತಿದ್ದೆವು.

ಅವನು ಅವನ ಮನೆಯ ಮಾತು ಆಡುತ್ತಿದ್ದ, ನಾನು ನನ್ನ ಊರಿನದು. ಒಬ್ಬರ ಮಾತು ಒಬ್ಬರು ತಿದ್ದುವ ಗೋಜಿಗೆ ಹೋಗಲಿಲ್ಲ. ನಾನು ಅವರ ಮಾತನ್ನು ಆಡುತ್ತಿದ್ದುದು ತಮಾಷೆಗೆ ಮಾತ್ರ. ಕಿವಿ ಮಾತ್ರ ಬರಬರುತ್ತ ಅದಕ್ಕೆ ಚೆನ್ನಾಗಿ ಪಳಗಿತು: ನಾವು 'ಎಂದು' ಎನ್ನುವಲ್ಲಿ ಅವರಲ್ಲಿ 'ಹೇಳಿ', 'ನಾನು' ಎನ್ನುವಲ್ಲಿ 'ಆನು', ಮನೆಯ ಹೆಂಗಸರು ಸಲಿಗೆಯಲ್ಲಿ 'ಅದು'.

ಮೊದಲ ದೀಪಾವಳಿಯ ರಜೆಯಲ್ಲಿ ಅವನು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅವನಿಗೆ ತಾಯಿ ಇರಲಿಲ್ಲ. ಎರಡು ವರ್ಷದ ಮಗುವಾಗಿದ್ದಾಗಿನಿಂದ ಅವನನ್ನು ಬೆಳೆಸಿದವರು ಅವನ ಸೋದರತ್ತೆ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡವರು. ಆಗಿನ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು, ಅಣ್ಣನ ಮನೆಯ ಅಡಿಗೆಮನೆಯ ಒಳಗೇ ಬದುಕು ಕಳೆದವರು. ಮನೆಯಲ್ಲಿ ಅವರ ಮಾತು ನಡೆಯುತ್ತಿತ್ತು, ಆದರೆ ಹೊಸ್ತಿಲಿನಿಂದ ಈಚೆಗೆ ಅವರು ಇರಲೇ ಇಲ್ಲ ಎಂಬಂತೆ.

ಅಂದು ಗೆಳೆಯ ಸ್ನಾನಕ್ಕೆ ಹೋಗಿದ್ದ. ಬಿಸಿಲಲ್ಲಿ ನಡೆದು ಬಂದ ನನಗೆ ಬಾಯಾರಿಕೆ. ಅಡಿಗೆಮನೆಯ ಕಡೆ ಮುಖ ಮಾಡಿ, "ಮಜ್ಜಿಗಿ ಐತೇನ್ರಿ?" ಎಂದೆ.

ಒಳಗಿನಿಂದ ಉತ್ತರ ಬಂತು. "ಇಲ್ಲೆ."

ನಮ್ಮ ಕಡೆ ಹಾಗೆಂದರೆ ಇಲ್ಲಿಯೇ ಇದೆ, ಹತ್ತಿರದಲ್ಲೇ ಇದೆ ಎಂದು ಅರ್ಥ. ತರುತ್ತಾರೆ ಎಂದುಕೊಂಡು ಮೆಟ್ಟಿಲ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಅವರು ಮೊರ ಹಿಡಿದು ಹೊರಗೆ ಬಂದು ನನ್ನನ್ನು ನೋಡಿ ನಿಂತರು.

"ಎಂತ ಮಾಣಿ, ಇನ್ನೂ ಇಲ್ಲೇ ಕೂತ್ಕಂಡಿದ್ದೆ?"

"ಮಜ್ಜಿಗಿ ಇಲ್ಲೇ ಐತಿ ಅಂದ್ರಲ್ರಿ."

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಮೊರದಲ್ಲಿದ್ದ ಅಕ್ಕಿ ಅಲುಗುವಷ್ಟು ನಕ್ಕರು. "ಎಂಗಳಲ್ಲಿ ಇಲ್ಲೆ ಹೇಳಿದ್ರೆ ಇಲ್ಲೆ ಮಾರಾಯ. ಇಲ್ಲ ಹೇಳಿ. ಮಜ್ಜಿಗೆ ಖಾಲಿ ಆಜು." ಒಳಗೆ ಹೋಗಿ ನಿಂಬೆಹಣ್ಣು ಹಿಂಡಿ ಬೆಲ್ಲದ ಪಾನಕ ಮಾಡಿ ತಂದರು.

ಇದನ್ನು ಗೆಳೆಯನಿಗೆ ಹೇಳಬೇಡಿ, ಹೈಸ್ಕೂಲಿನಲ್ಲೆಲ್ಲ ಹಬ್ಬಿಸುತ್ತಾನೆ ಎಂದು ಬೇಡಿಕೊಂಡೆ.

"ಹೇಳ್ತಿಲ್ಲೆ" ಎಂದರು. "ನೀನು ಎನ್ನ ಎಂತ ಹೇಳಿ ಕರೀತೆ? ಅವ ಅತ್ತೆ ಹೇಳ್ತ. ನೀನೂ ಅತ್ತೆ ಹೇಳಿಯೇ ಕರಿ."

ಕರೆಯುತ್ತಿದ್ದೆನೇನೋ. ಆದರೆ ಅದೇ ದಿನ ಮಧ್ಯಾಹ್ನ ನನ್ನನ್ನು ಹೊರಗಿನ ಜಗಲಿಯಲ್ಲಿ ಬೇರೆ ಎಲೆ ಹಾಕಿ ಕೂರಿಸಿದರು. ಅದು ನನಗೆ ಗೊತ್ತಿದ್ದದ್ದೇ, ಬೇಸರವಾಗಲಿಲ್ಲ. ಊಟ ಮುಗಿದು ಎಲೆ ಎತ್ತಿ ಬಂದಾಗ ಅವರು ಒಂದು ಉಂಡೆ ಸಗಣಿಯನ್ನು ಜಗಲಿಯ ಅಂಚಿನಲ್ಲಿ ಇಟ್ಟು ಒಳಗೆ ಹೋದರು. ನಾನು ಉಂಡ ಜಾಗವನ್ನು ನಾನೇ ಸಾರಿಸಬೇಕಿತ್ತು. ಗೆಳೆಯ ಅಂಗಳದಲ್ಲಿ ನಿಂತು ಎತ್ತಲೋ ನೋಡುತ್ತಿದ್ದ. ನಾನು ಬಗ್ಗಿ ಸಾರಿಸಿದೆ. ನಮ್ಮ ಮನೆಯಲ್ಲಿ ಅತಿಥಿಯ ಕೈಗೆ ನೀರು ಹಾಕುವವನು ಯಜಮಾನ. ನನ್ನ ಕಿವಿ ಬಿಸಿಯಾಗಿದ್ದು ಈಗಲೂ ನೆನಪಿದೆ. ಅವರು ಅದನ್ನು ತಿರಸ್ಕಾರದಿಂದ ಮಾಡಿರಲಿಲ್ಲ. ಬಾವಿಗೆ ಕೊಡ ಇಳಿಸಿದಷ್ಟೇ ಸಹಜವಾಗಿ ತಂದಿಟ್ಟಿದ್ದರು. ಹೊರಡುವಾಗ, "ಇಬ್ಬರಿಗೂ" ಎಂದು ಉಪ್ಪಿನಕಾಯಿಯ ಭರಣಿ ಕೊಟ್ಟರು. ಆದರೆ ಅವರು ಹೇಳಿಕೊಟ್ಟ ಆ ಕರೆ ನನ್ನ ಬಾಯಿಗೆ ಬರಲಿಲ್ಲ. ಆಮೇಲೆ ಎಷ್ಟು ರಜೆಗಳಲ್ಲಿ ಆ ಮನೆಗೆ ಹೋದೆನೋ, ಅವರನ್ನು ಏನೂ ಎಂದು ಕರೆಯದೆಯೇ ಮಾತಾಡಿದೆ. ಎದುರಿಗೆ ಬಂದ ಮೇಲೆ ಮಾತು ಶುರು ಮಾಡಿದರೆ ಕರೆಯುವ ಅಗತ್ಯವೇ ಬೀಳುವುದಿಲ್ಲ.

ಅವರು ನನ್ನನ್ನು "ಮೂಡಲ ಮಾಣಿ", ಮೂಡಣ ಕಡೆಯ ಹುಡುಗ, ಎನ್ನುತ್ತಿದ್ದರು. ಅವರನ್ನು ನಗಿಸಲು ನಾನು ಅವರ ಮಾತಿನಲ್ಲೇ ಉತ್ತರ ಕೊಡುತ್ತಿದ್ದೆ. "ಹಸಿವು ಇದ್ದಾ?" ಎಂದರೆ "ಇಲ್ಲೆ" ಎನ್ನುತ್ತಿದ್ದೆ. ಅವರಿಗೆ ಮಜ್ಜಿಗೆ ನೆನಪಾಗಿ ನಗು ಬರುತ್ತಿತ್ತು. ಗೆಳೆಯನಿಗೆ ಅದು ಯಾಕೆಂದು ತಿಳಿಯುತ್ತಿರಲಿಲ್ಲ. ಅವರು ಮಾತು ಉಳಿಸಿಕೊಂಡಿದ್ದರು. ಮುಂದೆ ಹೇಳುವ ಸಂಗತಿಗೆ ಇದು ಬೇಕು: ಆ ಒಂದು ಪದ ನನಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ಅವರಿಗಿಂತ ಹೆಚ್ಚಾಗಿ ಯಾರಿಗೂ ಗೊತ್ತಿರಲಿಲ್ಲ.

ಹೈಸ್ಕೂಲು ಮುಗಿಸಿ ನಾನು ಅಂಗಡಿಗೆ ಕೂತೆ, ಅವನು ಮನೆಯ ಕೆಲಸಕ್ಕೆ ಹಿಂದಿರುಗಿದ. ಎರಡು ಮೂರು ವರ್ಷಕ್ಕೆ ಅವನ ಮದುವೆ ಗೊತ್ತಾಯಿತು. ಹುಡುಗಿ ಯಲ್ಲಾಪುರದಿಂದ ಆಚೆ, ವಜ್ರಳ್ಳಿಯವಳು. ಮದುವೆಗೆ ಕೆಲವು ವಾರ ಮೊದಲು ನಾನು ಅವನ ಮನೆಗೆ ಹೋದಾಗ, ಅವನ ಸೋದರತ್ತೆ ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದರು. ನಾನು ಕಾಗೆ ಓಡಿಸಲು ಕೋಲು ಹಿಡಿದು ಕೂತೆ.

"ಧಾರೆ ಹೇಳಿದ್ರೆ ಎಂಗೆ ನೆನಪಿಪ್ಪದು ಒಂದು ಜರಿ ಅಂಚು" ಎಂದರು, ಹಪ್ಪಳದಿಂದ ಕಣ್ಣೆತ್ತದೆ. "ಯಾರೋ ಎನ್ನ ತೊಡೆ ಮೇಲೆ ಕೂರ್ಸ್ಕಂಡಿದ್ದ. ಅಷ್ಟೇಯ. ಎನ್ನ ಮದುವೆ ಅದು."

ಒಂದು ಹಪ್ಪಳ ಮಗುಚಿ ಹಾಕಿ ಮತ್ತೆ ಹೇಳಿದರು. "ಆಮೇಲೆ ಒಂದೂ ಧಾರೆ ನೋಡಿದ್ದಿಲ್ಲೆ. ಅಂತರಪಟ ಸರಿಸಕಾರೆ ಮದುಮಗನ ಮುಖ ಹೆಂಗಿರ್ತು ಹೇಳಿ ಒಂದ್ಸಲ ನೋಡವು ಹೇಳಿ ಆಶೆ. ಬೇರೆಯವರದ್ದು ಬೇಡ. ಇವಂದು. ಸಾಕಿದ್ದು ಆನೇ ಅಲ್ದಾ."

ವಧುವರರ ನಡುವೆ ಹಿಡಿದ ಬಟ್ಟೆಯನ್ನು ಮುಹೂರ್ತಕ್ಕೆ ಸರಿಯಾಗಿ ಸರಿಸುವ ಆ ಗಳಿಗೆಯಲ್ಲಿ, ಮಂಟಪದ ಸುತ್ತ ಅವರಂಥವರು ಯಾರೂ ಕಣ್ಣಿಗೆ ಬೀಳಕೂಡದು. ಆಗಿನ ಕಟ್ಟಳೆ ಅದು.

ಈ ಮಾತನ್ನು ನಾನು ಗೆಳೆಯನಿಗೆ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು. ನಿಶ್ಚಯಕ್ಕೆ ಹೋದಾಗಲೇ ಹೆಣ್ಣಿನ ಮನೆಯನ್ನು ಸುತ್ತಿ ನೋಡಿ ಬಂದಿದ್ದ. "ಉಗ್ರಾಣದ ಕೋಣೆಗೆ ಒಂದು ಸಣ್ಣ ಕಿಟಕಿ ಇದ್ದು. ಅಲ್ಲಿಂದ ಮಂಟಪ ಕಾಣ್ತು. ಹೊರಗಿಂದ ನೋಡಿದ್ರೆ ಒಳಗೆ ಬರೀ ಕಪ್ಪು. ಯಾರು ನಿಂತ್ರೂ ಗೊತ್ತಾಗ್ತಿಲ್ಲೆ. ಅತ್ತೆನ ಅಲ್ಲಿ ನಿಲ್ಸದು ನಿನ್ನ ಕೆಲಸ."

"ಮನಿ ಮಂದಿ ಯಾರಿಗರೆ ಹೇಳು. ನನಗ್ಯಾಕ ಹಚ್ಚತಿ?"

"ನೆಂಟರು ಒಬ್ಬರೂ ಒಪ್ತ್ವಿಲ್ಲೆ. ನೀನಾದ್ರೆ ಹೊರಗಿನಂವ."

ಹೊರಗಿನವನು. ಅವನು ಪ್ರೀತಿಯಿಂದಲೇ ಹೇಳಿದ. ನಾನೂ ಹೂಂ ಎಂದೆ.

ಏರ್ಪಾಡು ಹೀಗಿತ್ತು. ದಿಬ್ಬಣ ಹಿಂದಿನ ದಿನವೇ ಹೋಗಿ ಯಲ್ಲಾಪುರದಲ್ಲಿ ನೆಂಟರ ಮನೆಯಲ್ಲಿ ಉಳಿಯುವುದು. ದಿಬ್ಬಣದ ಜೊತೆ ಅವನ ಸೋದರತ್ತೆ ಹೊರಡುವಂತಿರಲಿಲ್ಲ, ಎದುರು ಬರುವಂತೆಯೂ ಇರಲಿಲ್ಲ. ಅವರು ಒಬ್ಬ ಮುದುಕ ನೆಂಟರ ಜೊತೆ ಬೆಳಗಿನ ಬಸ್ಸಿಗೆ ಹಿಂದಿನಿಂದ ಬಂದು, ವಜ್ರಳ್ಳಿಯ ತಿರುವಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಮನೆಯ ಹಿಂಬದಿಗೆ ಬರುವುದು. ನಾನು ಅವರನ್ನು ಉಗ್ರಾಣಕ್ಕೆ ಸೇರಿಸಿ, ಮುಂದೆ ಬಂದು ಮಂಟಪದ ಎಡಗಡೆಯ ಕಂಬದ ಬಳಿ ನಿಲ್ಲುವುದು. ನಾನು ಬಂದು ನಿಲ್ಲುವ ತನಕ ಏನಾದರೂ ನೆಪ ಹೇಳಿ ಪುರೋಹಿತರನ್ನು ತಡೆದು ನಿಲ್ಲಿಸುವುದಾಗಿ ಗೆಳೆಯ ಹೇಳಿದ್ದ.

ಮದುವೆಯ ದಿನ ಬೆಳಿಗ್ಗೆಯೇ ಬಿಸಿಲು ಚುರುಕಾಗಿತ್ತು. ತಿಂಡಿಗೆ ನಾನು ದಿಬ್ಬಣದವರ ಜೊತೆ ಮರೆತು ಸಾಲಿನಲ್ಲಿ ಕೂತುಬಿಟ್ಟೆ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು ನನ್ನ ಭುಜ ಮುಟ್ಟದೆ, ಭುಜದ ಮೇಲೆ ಗಾಳಿಯಲ್ಲಿ ಕೈಯಿಟ್ಟು, "ತಮ್ಮಾ, ನಿಮಗೆ ಆ ಬದಿಗೆ ಹಾಕಿದ್ದು" ಎಂದರು. ಮೆತ್ತಗೆ ಹೇಳಿದರು. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಎಲೆ ನೋಡಿಕೊಂಡರು. ನಾನು ಎದ್ದು ಆ ಬದಿಗೆ ಹೋಗಿ ಗಾಡಿಯವರ ಜೊತೆ ಅವಲಕ್ಕಿ ತಿಂದೆ. ಗಾಡಿಯವನೊಬ್ಬ, "ನೀವು ಯಾವ ಕಡೆಯವ್ರು, ಗಂಡಿನ ಕಡೆಯವ್ರೋ ಎತ್ತಿನ ಕಡೆಯವ್ರೋ?" ಎಂದು ನಗಿಸಿದ. ನಕ್ಕೆ. ಆದರೆ ಹಳೆಯ ಸಗಣಿಯ ಉಂಡೆ ಎದೆಯಲ್ಲಿ ಮತ್ತೆ ಹಸಿಯಾಯಿತು.

ಆಮೇಲೆ ಹಿಂಬದಿಯ ಗಾಡಿದಾರಿಯಲ್ಲಿ ಹೋಗಿ ಕಾದೆ. ಬಸ್ಸು ಬರುವ ಹೊತ್ತು ಮೀರಿತು. ಗಾಡಿ ಬರಲಿಲ್ಲ. ಬಸ್ಸು ಯಲ್ಲಾಪುರದಲ್ಲೇ ಕೆಟ್ಟು ನಿಂತಿತ್ತು ಎಂದು ತಿಳಿದದ್ದು ಆಮೇಲೆ. ಒಳಗೆ ಹೋಗಿ ನೋಡುವುದು, ಮತ್ತೆ ದಾರಿಗೆ ಬರುವುದು, ಹೀಗೆ ಬಿಸಿಲಲ್ಲಿ ತಿರುಗಿದೆ. ಅಂಗಿ ಬೆನ್ನಿಗೆ ಅಂಟಿತು. ಮುಂಭಾಗದಲ್ಲಿ ವಾದ್ಯದ ದನಿ ಏರಿತು. ಉಗ್ರಾಣದ ಹಿಂಬಾಗಿಲಲ್ಲಿ ಒಬ್ಬ ಹೆಂಗಸು ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದಳು. ನಾನು ದಾರಿಯಲ್ಲಿ ಇಲ್ಲದಾಗ ಬಂದಿದ್ದರೆ ಎಂದು ಅವಳನ್ನು ಕೇಳಿದೆ.

"ಕೆಂಪು ಸೀರೀ ಅಮ್ಮಾರು ಬಂದಾರೇನ್ರಿ?"

ಅವಳು ತಲೆಯೆತ್ತದೆ ಹೇಳಿದಳು. "ಇಲ್ಲೆ."

ಇಲ್ಲ ಎಂದಳು. ಇಲ್ಲ ಎಂದೇ ನನಗೆ ಕೇಳಿಸಿತು. ಅದರಲ್ಲಿ ಅನುಮಾನವೇ ಇರಲಿಲ್ಲ. ಹೀಗಿದ್ದೂ ಅವಳ ಹಿಂದಿನ ಕೋಣೆಗೆ ಇಣುಕಿದೆ. ತೆಂಗಿನಕಾಯಿಯ ರಾಶಿ, ಅಕ್ಕಿಯ ಚೀಲ, ಆಚೆ ಕಿಟಕಿ. ಯಾರೂ ಇರಲಿಲ್ಲ.

ಮುಂದೆ ಹೋದೆ. ಚಪ್ಪರದ ತುಂಬ ಜನ. ಗೆಳೆಯ ಬಾಸಿಂಗ ಕಟ್ಟಿಕೊಂಡು ಮಂಟಪದಲ್ಲಿ ನಿಂತಿದ್ದ. ಹೊಟ್ಟೆನೋವು ಎಂದು ಒಮ್ಮೆ, ನೀರು ಬೇಕು ಎಂದು ಒಮ್ಮೆ ಎದ್ದು ಹೋಗಿ ಬಂದಿದ್ದನಂತೆ. ಸುತ್ತಲಿದ್ದವರು ಅವನನ್ನು ಕಾಡುತ್ತಿದ್ದರು.

"ಎಂತದಾ, ಮಾಣಿಗೆ ಹೆದ್ರಿಕೆ ಆಜು ಕಾಣ್ತು."

"ಓಡಿ ಹೋಪ ಅಂದಾಜಿದ್ರೆ ಈಗ್ಲೇ ಹೇಳು. ಆಮೇಲೆ ಬಾಗ್ಲು ಇರ್ತಿಲ್ಲೆ."

ಪುರೋಹಿತರಿಗೆ ನಗು ಬರುತ್ತಿರಲಿಲ್ಲ. "ಮುಹೂರ್ತ ಯಾರಿಗೂ ಕಾಯ್ತಿಲ್ಲೆ" ಎಂದು ಅವರು ಅಂತರಪಟ ಹಿಡಿಯುವವರನ್ನು ಕರೆದರು. ಗೆಳೆಯ ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿದ. ನಾನು ಕಂಬದ ಬಳಿಗೆ ಹೋಗಬಾರದಿತ್ತು. ಹೋದೆ. ಅವನು ನನ್ನ ಕಡೆ ಬಾಗಿ, "ಅತ್ತೆ ಬಂದ್ರಾ?" ಎಂದು ಕೇಳಿದ.

ಬಂದಿಲ್ಲ ಎನ್ನಬಹುದಿತ್ತು. ಅಂದಿದ್ದರೆ ಅವನು ಮತ್ತೊಂದು ನೆಪ ತೆಗೆಯುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಆದರೆ ಕಾಯುತ್ತಿದ್ದ. ನಾನು ಮತ್ತೆ ಬಿಸಿಲಿಗೆ ಹೋಗಬೇಕಿತ್ತು, ಇನ್ನಷ್ಟು ಹೊತ್ತು ಆ ಗಾಡಿದಾರಿಯಲ್ಲಿ ನಿಲ್ಲಬೇಕಿತ್ತು. ಹಿಂಬದಿಯಿಂದ ಎತ್ತಿನ ಕೊರಳ ಗಂಟೆಯ ಸದ್ದು ಕೇಳಿದಂತೆ ಕೂಡ ಆಯಿತು. ವಾದ್ಯದ ನಡುವೆ ನಿಜವಾಗಿ ಕೇಳಿತೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಈಗ ಆಣೆ ಮಾಡಿ ಹೇಳಲಾರೆ.

"ಇಲ್ಲೇ" ಎಂದೆ.

ಹಲಸಿನ ತೊಳೆ ಬಿಡಿಸುತ್ತಿದ್ದವಳು ಹೇಳಿದ ಮಾತನ್ನೇ ಹೇಳಿದೆ. ಆದರೆ ತಮಾಷೆಯಿಲ್ಲದ ಹೊತ್ತಿನಲ್ಲಿ ನನ್ನ ಬಾಯಲ್ಲಿ ಆ ಮಾತಿಗೆ ಇರುವುದು ನಮ್ಮೂರಿನ ಒಂದೇ ಅರ್ಥ ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು.

ಅವನ ಮುಖ ಹಗುರಾಯಿತು. ನೆಟ್ಟಗೆ ನಿಂತು, ಪುರೋಹಿತರಿಗೆ "ಆತು" ಎಂದ. ಮಂಗಲಾಷ್ಟಕ ಶುರುವಾಯಿತು. ಬಟ್ಟೆಯ ಆಚೆ ಹುಡುಗಿಯ ಬಳೆಗಳ ಸದ್ದು. ಮುಹೂರ್ತ ಕೂಡಿ ಬಂದಾಗ ಅಂತರಪಟ ಸರಿಸಿದರು. ಎಲ್ಲರೂ ಅಕ್ಷತೆ ಎರಚುವ ಭರದಲ್ಲಿದ್ದರು, ಹಾಗಾಗಿ ಅವನ ಮುಖವನ್ನು ಸರಿಯಾಗಿ ನೋಡಿದವನು ನಾನೊಬ್ಬನೇ ಇರಬೇಕು. ಅವನು ಮೊದಲು ಹುಡುಗಿಯನ್ನು ನೋಡಲಿಲ್ಲ. ಕತ್ತು ಎತ್ತಿ, ಎಲ್ಲರ ತಲೆಯ ಮೇಲಿಂದ, ಉಗ್ರಾಣದ ಕಿಟಕಿಯನ್ನು ನೋಡಿದ. ಆ ಕಪ್ಪು ಚೌಕವನ್ನು ನೋಡಿ ನಕ್ಕ. ಹಲ್ಲು ಕಾಣುವ ಹಾಗೆ, ಚಿಕ್ಕ ಹುಡುಗ ಏನೋ ಗೆದ್ದು ಬಂದು ಮನೆಯವರಿಗೆ ತೋರಿಸುವ ಹಾಗೆ ನಕ್ಕ. ಆಮೇಲೆ ಹುಡುಗಿಯ ಕಡೆ ತಿರುಗಿದ.

ಕಿಟಕಿಯ ಒಳಗೆ ತೆಂಗಿನಕಾಯಿ ಮತ್ತು ಅಕ್ಕಿಚೀಲ ಮಾತ್ರ ಇದ್ದವು.

ಅಕ್ಷತೆಯ ಗದ್ದಲ ಇಳಿಯುವುದರೊಳಗೆ ಗಾಡಿ ಬಂತು. ನಾನು ಹಿಂದಕ್ಕೆ ಓಡಿದೆ. ಅವರು ಕಂಕುಳಲ್ಲಿ ಬಟ್ಟೆಯ ಗಂಟು ಹಿಡಿದು ಇಳಿಯುತ್ತಿದ್ದರು. ಸೀರೆಯ ಅಂಚಿಗೆಲ್ಲ ಧೂಳು. ವಾದ್ಯದ ಸದ್ದು ಹೇಗಿದೆ ಎಂದು ಒಂದು ಕ್ಷಣ ಕಿವಿಗೊಟ್ಟರು. ಕೇಳಿದರೆ ತಿಳಿಯುತ್ತದೆ, ಧಾರೆಯ ವಾದ್ಯ ಬೇರೆ, ಅದಾದ ಮೇಲಿನದು ಬೇರೆ.

"ಆತಾ?" ಎಂದರು.

ನಾನು ಉಗ್ರಾಣದ ಬಾಗಿಲು ತೋರಿಸಿದೆ. ಅವರು ಉಗ್ರಾಣಕ್ಕೆ ಹೋಗಿ ಅಕ್ಕಿಚೀಲದ ಪಕ್ಕ ಗಂಟನ್ನು ಇಟ್ಟುಕೊಂಡು ನಿಂತರು. ಅಷ್ಟರಲ್ಲಿ ಗೆಳೆಯ ಎರಡು ಮೂರು ಜನ ನೆಂಟರನ್ನು ಹಿಂದೆ ಹಾಕಿಕೊಂಡು, ಹೊಸ ಹೆಂಡತಿಯ ಸೆರಗಿಗೆ ಕಟ್ಟಿದ ಶಲ್ಯವನ್ನೇ ಎಳೆದುಕೊಂಡು ಒಳಗೆ ನುಗ್ಗಿದ. ಅವನಿಗೆ ಆಗ ಕಟ್ಟಳೆಯ ಪರಿವೆ ಇರಲಿಲ್ಲ.

"ಅತ್ತೆ, ಕಂಡತಾ?"

"ಈಗ ಬಂದೆ ತಮಾ. ಬಸ್ಸು ಕೆಟ್ಟು ಹೋಗಿತ್ತು."

ಅವನು ನನ್ನ ಕಡೆ ತಿರುಗಿದ. ಸಿಟ್ಟು ಇನ್ನೂ ಬಂದಿರಲಿಲ್ಲ, ಬರುವುದರಲ್ಲಿತ್ತು. "ನೀ ಇಲ್ಲೇ ಅಂದೆ."

ನಾನು ಒಂದು ಸುಳ್ಳನ್ನು ಕೂಡ ಸಿದ್ಧ ಮಾಡಿಕೊಂಡಿರಲಿಲ್ಲ. ಅವನ ಸೋದರತ್ತೆ ನನ್ನ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿ ಎಣ್ಣೆಗೈ ಹಿಡಿದು ನಿಂತಿದ್ದ ಹೆಂಗಸನ್ನು ನೋಡಿದರು.

"ನೀನು ಇವಂಗೆ ಎಂತ ಹೇಳ್ದೆ?"

"ಕೆಂಪು ಸೀರೆಯವರು ಬಂದ್ರಾ ಕೇಳ್ದ. ಇಲ್ಲೆ ಹೇಳ್ದೆ" ಎಂದಳು ಅವಳು ಅಂಜುತ್ತ.

"ಅಷ್ಟೇಯ" ಎಂದರು ಅವರು ಗೆಳೆಯನಿಗೆ. "ಅದು ಇಲ್ಲೆ ಹೇಳ್ತು, ಇವ ತನ್ನೂರ ಮಾತು ಹೇಳಿ ತಿಳ್ಕಂಡ. ಎಷ್ಟು ವರ್ಷ ಎಂಗಳ ಜೊತೆ ಇದ್ರೂ ಕಿವಿ ಹುಟ್ಟಿದ ಊರಿಂದೇ. ಬೈಯ್ಯಡ. ಇವಂದು ಹಳೇ ಕತೆ ಇದ್ದು ಕೇಳು." ಮಜ್ಜಿಗೆಯ ಕತೆ ಹೇಳಿದರು. ನಾನು ಮೆಟ್ಟಿಲ ಮೇಲೆ ಹೇಗೆ ಕೂತಿದ್ದೆ ಎಂದು ತಾವೇ ಕೂತು ತೋರಿಸಿದರು. ನೆಂಟರು ನಕ್ಕರು, ಎಣ್ಣೆಗೈಯವಳು ನಕ್ಕಳು, ತಲೆ ತಗ್ಗಿಸಿದ್ದ ಹೊಸ ಹುಡುಗಿಯೂ ನಕ್ಕಳು. ಕಡೆಗೆ ಗೆಳೆಯನಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕು ನನ್ನ ಬೆನ್ನಿಗೆ ಗುದ್ದಿದ. "ಇಷ್ಟು ವರ್ಷ ಮುಚ್ಚಿಟ್ಟಿದ್ಯಲಾ ಮಾರಾಯ."

ಯಾರಿಗೂ ಹೇಳುವುದಿಲ್ಲ ಎಂದು ಕೊಟ್ಟ ಮಾತನ್ನು ಅವರು ಅಷ್ಟು ವರ್ಷ ಉಳಿಸಿಕೊಂಡಿದ್ದರು. ಮುರಿದದ್ದು ಆ ದಿನ, ನನ್ನನ್ನು ಉಳಿಸಲು. ಹೇಳುತ್ತಿರುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. "ಇಲ್ಲೆ" ಎಂದು ನನ್ನ ಬಾಯಿಂದಲೇ ನೂರು ಸಲ ಕೇಳಿ ನಕ್ಕವರು ಅವರು. ನನ್ನ ಕಿವಿ ಯಾವ ಊರಿನದು ಎಂದು ಅವರಿಗೆ ಗೊತ್ತಿರಲಿಲ್ಲವೇ?

ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅವರು ಉಗ್ರಾಣದಲ್ಲಿ ಒಬ್ಬರೇ ಕೂತು ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದರು. ನಾನು ಬಾಗಿಲ ಹೊರಗೆ ಕೂತೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಆದರೆ ತಪ್ಪಾಯಿತು ಎಂದರೆ, ಅವರು ಎ‌ಲ್ಲರೆದುರು ನಗಿಸಿ ಮುಚ್ಚಿದ್ದನ್ನು ನಾನೇ ತೆರೆದಂತಾಗುತ್ತಿತ್ತು. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಇದ್ದದ್ದು ಹೆದರಿಕೆ.

ಅವರೇ ಮಾತು ತೆಗೆದರು. "ನೀನು ಎದುರೇ ಇದ್ದಿದ್ದೆ ಅಲ್ದಾ. ಪಟ ಸರಿಸಕಾರೆ ಅವ ಎಂತ ಮುಖ ಮಾಡಿದ?"

"ನಕ್ಕ" ಎಂದೆ.

"ಯಾರ ನೋಡಿ?"

ಕೇಳಿದ ದನಿಯಲ್ಲಿ ಏನೂ ವಿಶೇಷವಿರಲಿಲ್ಲ. ಎಲೆ ಒರೆಸುವ ಕೈ ಮಾತ್ರ ನಿಂತಿತ್ತು. ನಿಮ್ಮನ್ನು ನೋಡಿ, ಎನ್ನಬೇಕಿತ್ತು. ನೀವಿದ್ದೀರಿ ಎಂದುಕೊಂಡು ಆ ಕಿಟಕಿಯನ್ನು ನೋಡಿ, ಎನ್ನಬೇಕಿತ್ತು. ಅಷ್ಟು ಹೇಳಿದರೆ, ಖಾಲಿ ಕಿಟಕಿಗೆ ಅವನನ್ನು ನಗಿಸಿದವನು ನಾನು ಎಂಬುದು ನಡುವೆ ಬಂದು ನಿಲ್ಲುತ್ತಿತ್ತು.

"ಹುಡುಗೀನ್ನ ನೋಡಿ" ಎಂದೆ.

"ಹಾಂಗೇ ಆಗವು" ಎಂದರು, ಹಾಗೇ ಆಗಬೇಕು ಎಂಬಂತೆ. ಕೈ ಮತ್ತೆ ಎಲೆಯನ್ನು ಒರೆಸತೊಡಗಿತು.

ಧಾರೆ ತಪ್ಪಿದ್ದಕ್ಕೆ ಬಸ್ಸು ಕೆಟ್ಟದ್ದೂ ಒಂದು ಕಾರಣ ಎಂದು ನಾನು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಈ ಎರಡನೆಯ ಸುಳ್ಳಿಗೆ ದೂರಲು ಯಾವ ಬಸ್ಸೂ ಇಲ್ಲ. ಆ ನಗು ಅವರದಾಗಿತ್ತು. ಅವರು ಕೈ ಚಾಚಿ ಕೇಳಿದರು, ನಾನು ಕೊಡಲಿಲ್ಲ. ನನ್ನನ್ನು ಹೊರಗಿನ ಜಗಲಿಯಲ್ಲಿ ಕೂರಿಸಿದ ಕಟ್ಟಳೆಯೇ ಅವರನ್ನು ಆ ಉಗ್ರಾಣದಲ್ಲಿ ಕೂರಿಸಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ. ನಾವಿಬ್ಬರೂ ಅಂದು ಒಂದೇ ಬಾಗಿಲಿನ ಆಚೆ ಈಚೆ ಇದ್ದೆವು.

ಕೆಲವು ವರ್ಷಗಳ ಮೇಲೆ ಕ್ಷಮೆ ಕೇಳಲು ಒಂದು ಅವಕಾಶ ಸಿಕ್ಕಿತು. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ, ನೆರಳಿನ ಒಂದು ಮೂಲೆಯಲ್ಲಿ ಕೆಂಪು ಸೀರೆ ಕಂಡಿತು. ಗೆಳೆಯ ಅವರನ್ನು ವೈದ್ಯರಲ್ಲಿ ತೋರಿಸಿಕೊಂಡು ಬಂದು, ಅಲ್ಲಿ ಕೂರಿಸಿ ಔಷಧ ತರಲು ಹೋಗಿದ್ದ. ಬಹಳ ಸೊರಗಿದ್ದರು. ನನ್ನನ್ನು ಕಂಡು ಕಣ್ಣು ಸಣ್ಣದು ಮಾಡಿ ಗುರುತು ಹಿಡಿದರು.

"ಮೂಡಲ ಮಾಣಿ ಅಲ್ದಾ? ಆಸರಾತು, ಬಾಯಿ ಒಣಗ್ತು. ಮಜ್ಜಿಗೆ ಇದ್ದಾ?"

"ಇಲ್ಲೆ" ಎಂದೆ.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ನಾನು ಓಡಿ ಎದುರಿನ ಅಂಗಡಿಯಿಂದ ಎಳನೀರು ತಂದೆ. ಅದನ್ನು ಕುಡಿಯಬಹುದು, ಮಡಿಗೆ ಅಡ್ಡಿಯಿಲ್ಲ. ಕುಡಿದು ಸುಧಾರಿಸಿಕೊಂಡು, ನನ್ನನ್ನೇ ನೋಡುತ್ತ ಸುಮ್ಮನೆ ಕೂತರು. ಈಗ ಯೋಚಿಸಿದರೆ, ಅವರು ಕಾಯುತ್ತಿದ್ದರು ಅನಿಸುತ್ತದೆ. ಇಲ್ಲದಿರಲೂಬಹುದು, ಸುಸ್ತಾಗಿದ್ದಿರಬಹುದು. ಅಷ್ಟರಲ್ಲಿ ಸಿದ್ದಾಪುರದ ಬಸ್ಸು ಬಂತು, ಗೆಳೆಯನೂ ಬಂದ. ಅವರನ್ನು ಹಿಡಿದು ಹತ್ತಿಸಿದೆವು. ಅವರು ಕಿಟಕಿಯ ಬದಿಯ ಸೀಟಿನಲ್ಲಿ ಕೂತರು. ಬಸ್ಸು ತಿರುಗುವ ತನಕ ಆ ಕಿಟಕಿಯಲ್ಲಿ ಅವರ ಮುಖ ಕಾಣುತ್ತಿತ್ತು.

ಅದೇ ವರ್ಷ ಅವರು ತೀರಿಕೊಂಡರು. ಸುದ್ದಿ ಅಂಗಡಿಗೆ ಬಂದಾಗ ಎದ್ದು ಸಿದ್ದಾಪುರಕ್ಕೆ ಹೋದೆ. ಎಲ್ಲ ಮುಗಿದಿತ್ತು. ಗೆಳೆಯ ಜಗಲಿಯಲ್ಲಿ, ನಾನು ಹಿಂದೆ ಸಾರಿಸಿದ ಜಾಗದಲ್ಲೇ, ಗೋಡೆಗೆ ಒರಗಿ ಕೂತಿದ್ದ. "ಅತ್ತೆ ಕಡೇವರೆಗೂ ನಿನ್ನ ಮಜ್ಜಿಗೆ ಕತೆ ಹೇಳಿ ನಗ್ತಿತ್ತು" ಎಂದ. "ಧಾರೆ ಒಂದು ಕಾಣ್ಲಿಲ್ಲೆ ಅದಕ್ಕೆ. ಹೋಗ್ಲಿ. ಆನು ನಕ್ಕಿದ್ದಾದ್ರೂ ಆ ಕಿಟಕಿ ನೋಡಿಯೇ ಹೇಳಿ ಗೊತ್ತಿತ್ತು ಕಾಣ್ತು."

ಅವನು ಅವರಿಗೆ ಅದನ್ನು ಹೇಳಿದ್ದನೇ, ಅಥವಾ ಹೇಳದೆಯೇ ಗೊತ್ತಾಗಿರುತ್ತದೆ ಎಂದುಕೊಂಡಿದ್ದನೇ? ಕೇಳುವ ಧೈರ್ಯ ನನಗಾಗಲಿಲ್ಲ. ಹೇಳಿದ್ದರೆ, ನನ್ನ ಎರಡನೆಯ ಸುಳ್ಳೂ ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಸ್ ಸ್ಟ್ಯಾಂಡಿನಲ್ಲಿ ಮಜ್ಜಿಗೆ ಕೇಳಿ ನಕ್ಕರು.

ಆ ಮೊಮ್ಮಗಳ ಮದುವೆಯಲ್ಲಿ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡೆ. ಪಕ್ಕದಲ್ಲಿ ಯಾರು ಎಂದು ಯಾರೂ ಕೇಳಲಿಲ್ಲ. ಅಂತರಪಟ ಸರಿಸುವಾಗ ಮುಂದಿನ ಸಾಲಿನಲ್ಲಿ ಇಬ್ಬರು ವಿಧವೆಯರು ಕೂತು ಅಕ್ಷತೆ ಹಾಕಿದರು, ಒಬ್ಬಾಕೆ ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದರು. ನಾನು ಮದುಮಗನ ಮುಖ ನೋಡಿದೆ. ಅವನು ಹುಡುಗಿಯನ್ನೇ ನೋಡಿ ನಕ್ಕ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಅವರ ಹೆಸರೇನೆಂದು ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಯಾರ ಬಾಯಿಂದಲೂ ಅದನ್ನು ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ನನಗೆ ಗೊತ್ತಿರುವುದು ಅವರೇ ಹೇಳಿಕೊಟ್ಟ, ನಾನು ಒಮ್ಮೆಯೂ ಕರೆಯದ ಒಂದು ಹೆಸರು ಮಾತ್ರ. ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಅವರಿಗೆ. ಅತ್ತೆಗೆ.